ಹಳೆಯ ಬರ್ಮೀಸಿಗೆ ಪದಪಟ್ಟಿ: ಯಾವ ಕಾಲಂ, ಯಾವ ಪದ, ಯಾವ ನೆಂಟರು?

ಬರ್ಮೀಸಿನಲ್ಲಿ ಸಲಿಗೆಯ ಮಾತಿಗೆ ‘ನಾನು’ ಅಂದರೆ ‘ಙಾ’. ‘ನೀನು’ ಅಂದರೆ ‘ನಿನ್’. ಇದನ್ನು ಮೊದಲ ಸಲ ಕೇಳಿದಾಗ ಕನ್ನಡದ ಕಿವಿ ನೆಟ್ಟಗಾಗದೆ ಇರುತ್ತದಾ? ನನಗಂತೂ ಆ ರಾತ್ರಿ ನಿದ್ದೆ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದೆ. ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಬರ್ಮೀಸ್.

ಬರ್ಮೀಸ್ ಕಾಗುಣಿತ ಕಲಿಯುವ ಹೊತ್ತಿಗೆ ಬಣ್ಣ ಬಯಲಾಯಿತು. ‘ನಿನ್’ ಅಂತ ಹೇಳುವ ಪದವನ್ನು ಅವರು ಬರೆಯುವುದು ‘ನಙ್’ ಅಂತ. ಬರಹದ ‘ಅಙ್’ ಇವತ್ತಿನ ಯಾಂಗೂನ್ ಬಾಯಲ್ಲಿ ಸಾಮಾನ್ಯವಾಗಿ ‘ಇನ್’ ಆಗುತ್ತದೆ. ಕಚಿನ್ ಬೆಟ್ಟಗಳ ಜಿಂಗ್‌ಫೋ ಭಾಷೆಯಲ್ಲೂ ‘ನೀನು’ ಅಂದರೆ ‘ನಙ್’. ಟಿಬೆಟನ್ನಿನಲ್ಲಿ ‘ನಾನು’ ಅಂದರೆ ‘ಙ’. ಈ ಪದಗಳ ನೆಂಟರೆಲ್ಲ ಇರುವುದು ಹಿಮಾಲಯದ ಆಚೀಚೆ. ಕನ್ನಡದ ‘ನಾ’, ‘ನೀನು’ ಸುಮ್ನೆ ದಾರಿಯಲ್ಲಿ ಎದುರಾದ ಒಂದೇ ಮುಖದ ಅಪರಿಚಿತರು.

ನನ್ನ ತಪ್ಪು ಪದಗಳನ್ನು ಆರಿಸಿದ್ದರಲ್ಲಿ ಇರಲಿಲ್ಲ, ಕಾಲಂ ಆರಿಸಿದ್ದರಲ್ಲಿ ಇತ್ತು. ಬರ್ಮೀಸಿನ ಚರಿತ್ರೆಗಾಗಿ ಪದಪಟ್ಟಿ ಮಾಡಲು ಹೊರಟವರು ಸಾಮಾನ್ಯವಾಗಿ ‘ಎಷ್ಟು ಪದ ಬೇಕು’ ಅಂತ ಮೊದಲು ಕೇಳುತ್ತಾರೆ. ಅದು ಎರಡನೆಯ ಪ್ರಶ್ನೆ. ಹಾಗಾಗಿ ನಾನು ಕಾಲಂನಿಂದಲೇ ಶುರು ಮಾಡುತ್ತೇನೆ.

ಯಾವ ಬರ್ಮೀಸ್?

ಆಯ್ಕೆ ನಾಲ್ಕಿವೆ: ಇವತ್ತಿನ ಯಾಂಗೂನ್ ಮಾತು, ಪುಸ್ತಕದ ಕಾಗುಣಿತ, ಕಲ್ಲಿನ ಶಾಸನ, ದೂರದ ಊರುಗಳ ಉಪಭಾಷೆ.

ಯಾಂಗೂನ್ ಮಾತು ಕೈಗೆ ಬೇಗ ಸಿಗುತ್ತದೆ, ಯೂಟ್ಯೂಬಿನಲ್ಲೂ ಸಿಗುತ್ತದೆ. ಆದರೆ ಚರಿತ್ರೆಯ ಕೆಲಸಕ್ಕೆ ಕೈಕೊಡುವುದೂ ಅದೇ. ‘ತಿನ್ನು’ ಅನ್ನೋದಕ್ಕೆ ಅಲ್ಲಿ ‘ಸಾ’ ಅನ್ನುತ್ತಾರೆ, ‘ಸಾಯಿ’ ಅನ್ನೋದಕ್ಕೆ ‘ಥೇ’. ಈ ಥಕಾರ ನಮ್ಮ ‘ರಥ’ದ್ದಲ್ಲ, ಇಂಗ್ಲಿಷಿನ ‘ಥಿಂಕ್’ನಲ್ಲಿ ಬರುವಂಥದ್ದು. ಕಾಗುಣಿತ ನೋಡಿದರೆ ತಿನ್ನುವುದು ‘ಚಾಃ’, ಸಾಯುವುದು ‘ಸೇ’. ಅಂದರೆ ಹಳೆಯ ಸಕಾರ ಎದ್ದು ಥ ಆಗಿದೆ, ಖಾಲಿಯಾದ ಅದರ ಕುರ್ಚಿಯಲ್ಲಿ ಹಳೆಯ ಚಕಾರ ಬಂದು ಕೂತಿದೆ. ಮಾತನ್ನಷ್ಟೇ ಬರೆದುಕೊಂಡವರು ಬರ್ಮೀಸಿನ ಸ ಹಿಡಿದು ಟಿಬೆಟನ್ನಿನ ಸ ಹುಡುಕುತ್ತಾರೆ. ಹುಡುಕಿದಷ್ಟೂ ತಪ್ಪು ನೆಂಟರು ಸಿಗುತ್ತಾರೆ.

ಕಾಗುಣಿತದ ಕಾಲಂ ಇಟ್ಟುಕೊಂಡು ನೋಡಿ. ‘ಮೂರು’ ಅಂದರೆ ಬರಹದಲ್ಲಿ ‘ಸುಂಃ’, ಟಿಬೆಟನ್ನಿನಲ್ಲಿ ‘ಗ್ಸುಮ್’. ಯಾಂಗೂನ್ ಬಾಯಲ್ಲಿ ಮಾತ್ರ ‘ಥೋಂ’. ‘ಕೈ’ ಬರಹದಲ್ಲಿ ‘ಲಕ್’, ಟಿಬೆಟನ್ನಿನಲ್ಲಿ ‘ಲಗ್’. ‘ಕೊಲ್ಲು’ ಬರಹದಲ್ಲಿ ‘ಸತ್’, ಟಿಬೆಟನ್ ಭೂತಕಾಲದಲ್ಲಿ ‘ಬ್ಸದ್’. ಬರಹದಲ್ಲಿ ಪದದ ಕೊನೆಗಿರುವ ಕ್, ಚ್, ತ್, ಪ್ ನಾಲ್ಕೂ ಈಗಿನ ಮಾತಿನಲ್ಲಿ ಗಂಟಲಲ್ಲಿ ತಟ್ಟನೆ ತಡೆಯುವ ಒಂದೇ ಸದ್ದಾಗಿವೆ. ಮಾತಿನಲ್ಲಿ ಕಳೆದುಹೋದ ಈ ವ್ಯತ್ಯಾಸ ಬರಹದಲ್ಲಿ ಹಾಗೇ ಕೂತಿದೆ. ಹಾಗಾಗಿ ಒಂದೇ ಕಾಲಂಗೆ ಜಾಗವಿದ್ದರೆ ಕಾಗುಣಿತವನ್ನೇ ಹಾಕಿ. 1852ರಲ್ಲಿ ಅಚ್ಚಾದ ಜಡ್ಸನ್ ಪಾದ್ರಿಯ ನಿಘಂಟು, 1993ರ ಮ್ಯಾನ್ಮಾರ್ ಭಾಷಾ ಆಯೋಗದ ನಿಘಂಟು ಇವೆರಡರಿಂದ ಈ ಕಾಲಂ ತುಂಬಿಸಬಹುದು.

ಹಾಗಂತ ಕಾಗುಣಿತವೇ ಹಳೆಯ ಬರ್ಮೀಸ್ ಅಲ್ಲ. ಅದನ್ನೂ ಕಾಲಕಾಲಕ್ಕೆ ತಿದ್ದಿದ್ದಾರೆ. ನನ್ನ ಪಟ್ಟಿಯ ಮೂರು ಸಾಲು ಇಲ್ಲಿ ಕೊಡುತ್ತೇನೆ.

ನೆಲ. ಕಲ್ಲಿನಲ್ಲಿ ಮ್ಲಿಯ್, ಕಾಗುಣಿತದಲ್ಲಿ ಮ್ರೇ, ಯಾಂಗೂನಿನಲ್ಲಿ ಮ್ಯೇ, ದವೇಯಲ್ಲಿ ಮ್ಲೇ.

ನೀರು. ಕಲ್ಲಿನಲ್ಲಿ ರಿಯ್, ಕಾಗುಣಿತದಲ್ಲಿ ರೇ, ಯಾಂಗೂನಿನಲ್ಲಿ ಯೇ, ರಖೈನಿನಲ್ಲಿ ರೀ.

ಮಠ, ಶಾಲೆ. ಕಲ್ಲಿನಲ್ಲಿ ಕ್ಲೋಙ್, ಕಾಗುಣಿತದಲ್ಲಿ ಕ್ಯೋಙಃ, ಯಾಂಗೂನಿನಲ್ಲಿ ಚೌಂ, ದವೇಯಲ್ಲಿ ಕ್ಲೌಂ.

ಮೊದಲ ಸಾಲನ್ನು ಇನ್ನೊಮ್ಮೆ ಓದಿ. ಪುಸ್ತಕದಲ್ಲಿರುವ ರಕಾರ ಹಳೆಯದಲ್ಲ. ಕಲ್ಲಿನಲ್ಲಿ ಲ ಇದೆ, ದಕ್ಷಿಣದ ಕರಾವಳಿಯ ದವೇ ಊರಿನಲ್ಲಿ ಜನ ಇವತ್ತಿಗೂ ಲ ಅನ್ನುತ್ತಾರೆ. ಒಂಬತ್ತು ನೂರು ವರ್ಷ ಹಳೆಯ ಕಲ್ಲು, ಮೀನು ಮಾರುವ ಹೆಂಗಸು ಇಬ್ಬರೂ ಒಂದೇ ಸಾಕ್ಷಿ ಹೇಳುತ್ತಿದ್ದಾರೆ. ಪುಸ್ತಕ ಒಂದೇ ಬೇರೆ ಹೇಳುತ್ತಿದೆ. ಕಾಗುಣಿತದ ಪಕ್ಕ ಕಲ್ಲಿಗೂ ಉಪಭಾಷೆಗೂ ಒಂದೊಂದು ಕಾಲಂ ಬೇಕು ಅನ್ನೋದು ಇದಕ್ಕೇ.

ಎರಡನೆಯ ಸಾಲಿನ ರಕಾರದ ಕತೆ ನಮಗೆ ಗೊತ್ತಿರುವುದೇ. ನಮ್ಮ ಅಜ್ಜಂದಿರು ಹೇಳುತ್ತಿದ್ದ ‘ರಂಗೂನ್’ ಈಗ ಯಾಂಗೂನ್. ಬರ್ಮೀಸ್ ಕಾಗುಣಿತದಲ್ಲಿ ಆ ಊರಿನ ಹೆಸರಿಗೆ ಇವತ್ತಿಗೂ ರಕಾರವೇ ಇದೆ. ಪಶ್ಚಿಮ ಕರಾವಳಿಯ ರಖೈನ್ ಜನ ಅದನ್ನು ರ ಅಂತಲೇ ಹೇಳುತ್ತಾರೆ.

ಕಲ್ಲಿನ ಕಾಲಂ ತುಂಬುವುದು ಎಲ್ಲಕ್ಕಿಂತ ಕಷ್ಟ. ಹಳೆಯ ರಾಜಧಾನಿ ಬಗಾನಿನ ಮ್ಯಾಝೇದಿ ಶಾಸನ 1113ರದು. ರಾಜ ಕ್ಯಾನ್‌ಸಿತ್ತಾನ ಮಗ ರಾಜಕುಮಾರ ಹಾಕಿಸಿದ್ದು. ಪಾಳಿ, ಪ್ಯೂ, ಮೋನ್, ಬರ್ಮೀಸ್ ನಾಲ್ಕರಲ್ಲೂ ಅದೇ ವಿಷಯ ಇದೆ. ಯಾರಿಗೂ ಅರ್ಥವಾಗದೆ ಉಳಿದಿದ್ದ ಪ್ಯೂ ಭಾಷೆಯನ್ನು 20ನೇ ಶತಮಾನದ ಆರಂಭದಲ್ಲಿ ಓದಲು ಸಾಧ್ಯವಾಗಿದ್ದೇ ಈ ಕಲ್ಲಿನಿಂದ. ಪದಪಟ್ಟಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕಲ್ಲು ಸಿಗುವುದಿಲ್ಲ, ಅರ್ಥವನ್ನು ಪಕ್ಕದ ಪಾಳಿಯೇ ಹೇಳಿಕೊಡುತ್ತದೆ.

ಆದರೆ ಬಗಾನಿನ ಶಾಸನಗಳು ಹೆಚ್ಚಿನವು ದಾನಶಾಸನಗಳು. ನಮ್ಮ ಕಡೆಯವುಗಳ ಹಾಗೇ: ಇಷ್ಟು ಗದ್ದೆ, ಇಷ್ಟು ಬೆಳ್ಳಿ, ಇಷ್ಟು ಆಳು, ಕೊನೆಗೆ ದಾನ ಕೆಡಿಸಿದವರು ಅವೀಚಿ ನರಕಕ್ಕೆ ಹೋಗಲಿ ಅನ್ನುವ ಶಾಪ. ಎಣಿಕೆಯ ಪದ, ನೆಲ, ನೀರು, ಭತ್ತ ಧಾರಾಳವಾಗಿ ಸಿಗುತ್ತವೆ. ಹೇನು, ಹೊಕ್ಕುಳು, ಮೊಣಕಾಲು ಹುಡುಕಲು ಹೋದರೆ ಬರಿಗೈ. ಖಾಲಿ ಉಳಿದ ಜಾಗವನ್ನು ಖಾಲಿಯೇ ಬಿಡಿ. ಕಾಗುಣಿತ ನೋಡಿ ‘ಹಳೆ ರೂಪ ಹೀಗಿದ್ದಿರಬೇಕು’ ಅಂತ ಊಹಿಸಿ ತುಂಬಿದರೆ ಆ ಕಾಲಂಗೆ ಬೆಲೆಯೇ ಇಲ್ಲ.

ಇನ್ನೊಂದು ಹಳ್ಳ. 18ನೇ ಶತಮಾನದ ಕೊನೆಗೆ ಆಳುತ್ತಿದ್ದ ಬೋದವ್‌ಪಯಾ ರಾಜ ಹಳೆಯ ಶಾಸನಗಳನ್ನು ತರಿಸಿ ಹೊಸ ಕಲ್ಲಿಗೆ ನಕಲು ಮಾಡಿಸಿದ. ನಕಲು ಮಾಡಿದವರು ಕಾಗುಣಿತವನ್ನು ತಮ್ಮ ಕಾಲಕ್ಕೆ ತಿದ್ದಿಕೊಂಡರು. ಕಲ್ಲಿನ ಮೇಲೆ ತೇದಿ 12ನೇ ಶತಮಾನದ್ದೇ ಇರುತ್ತದೆ, ರೂಪ ಮಾತ್ರ ಹೊಸದು. ಹಾಗಾಗಿ ಪ್ರತಿ ಪದದ ಪಕ್ಕ ‘ಮೂಲ ಕಲ್ಲೋ, ನಕಲೋ’ ಅಂತ ಒಂದು ಗುರುತು ಹಾಕಿಕೊಳ್ಳಿ.

ಎಷ್ಟು ಪದ, ಯಾವ ಪದ?

ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವುದು ಸ್ವಾಡೆಶ್ ಪಟ್ಟಿ, ಭಾಷೆಗಳನ್ನು ಹೋಲಿಸಲು ಆರಿಸಿದ ಮೂಲಭೂತ ಪದಗಳ ಪಟ್ಟಿ. ಸ್ವದೇಶಿ ಚಳವಳಿಗೂ ಇದಕ್ಕೂ ಸಂಬಂಧವಿಲ್ಲ, ಮಾರಿಸ್ ಸ್ವಾಡೆಶ್ ಅನ್ನುವ ಅಮೆರಿಕದ ಭಾಷಾವಿಜ್ಞಾನಿ 1950ರ ದಶಕದಲ್ಲಿ ರೂಪಿಸಿದ್ದು. 100 ಪದದ ಚಿಕ್ಕದೊಂದು, 200ರ ಆಸುಪಾಸಿನ ದೊಡ್ಡದೊಂದು ಇವೆ. ದೊಡ್ಡದರಲ್ಲಿ ಮಂಜುಗಡ್ಡೆ, ಹಿಮ, ಹೆಪ್ಪುಗಟ್ಟು ಎಲ್ಲ ಇವೆ. ಐರಾವತಿ ನದಿಯ ಬಯಲಿನಲ್ಲಿ ನಿಂತು ಮಂಜುಗಡ್ಡೆಗೆ ಹಳೆಯ ಪದ ಕೇಳಿದರೆ ಏನು ಸಿಗುತ್ತದೆ? ‘ಗಟ್ಟಿ ನೀರು’ ಅಂತ ಜೋಡಿಸಿದ ಪದ ಸಿಗುತ್ತದೆ. ಹಿಮಕ್ಕೆ ಹೇಳುವ ಪದವೇ ಇಬ್ಬನಿಗೂ ಆಗುತ್ತದೆ. ಅಂಥ ಸಾಲುಗಳನ್ನು ನಾನು ಕಣ್ಣುಮುಚ್ಚಿ ತೆಗೆದುಹಾಕುತ್ತೇನೆ.

2009ರ ಲೈಪ್‌ಜಿಗ್-ಜಕಾರ್ತಾ ಪಟ್ಟಿಯದು ಬೇರೆ ದಾರಿ. 41 ಭಾಷೆಗಳನ್ನು ನೋಡಿ, ಬೇರೆ ಭಾಷೆಯಿಂದ ಸಾಲ ಬರುವುದು ಕಡಿಮೆ ಇರುವ 100 ಅರ್ಥಗಳನ್ನು ಆರಿಸಿದ್ದಾರೆ. ಇರುವೆ, ಹೊಗೆ, ಮೊಣಕಾಲು, ಕಹಿ, ಕಟ್ಟು. ಪಾಳಿ, ಮೋನ್ ಪದಗಳ ಮಳೆಯೇ ಸುರಿದ ಬರ್ಮೀಸಿಗೆ ಇದು ಒಳ್ಳೆಯ ಜರಡಿ. ಕೊರತೆ ಒಂದೇ: ಎಣಿಕೆಯಲ್ಲಿ ‘ಒಂದು’ ಬಿಟ್ಟರೆ ಬೇರೆ ಸಂಖ್ಯೆ ಇಲ್ಲ. ಬರ್ಮೀಸಿನ ನೆಂಟಸ್ತಿಕೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದೇ ಎಣಿಕೆಯಲ್ಲಿ. ‘ಐದು’ ಬರ್ಮೀಸಿನಲ್ಲಿ ‘ಙಾಃ’, ಟಿಬೆಟನ್ನಿನಲ್ಲಿ ‘ಲ್ಙ’. ‘ಒಂಬತ್ತು’ ಬರ್ಮೀಸ್ ಬಾಯಲ್ಲಿ ‘ಕೋ’, ಟಿಬೆಟನ್ ಬರಹದಲ್ಲಿ ‘ದ್ಗು’. ಇವನ್ನು ಬಿಟ್ಟು ಪಟ್ಟಿ ಮಾಡುವುದು ಹೇಗೆ?

ಮೂರನೆಯದು ಆ ಪ್ರದೇಶಕ್ಕೆ ಅಂತಲೇ ಮಾಡಿದ್ದು. ಬರ್ಕ್‌ಲಿಯ ಜೇಮ್ಸ್ ಮ್ಯಾಟಿಸಾಫ್ 1978ರಲ್ಲಿ ಆಗ್ನೇಯ ಏಷ್ಯಾದ ಬದುಕಿಗೆ ಒಪ್ಪುವ 200 ಪದ ಆರಿಸಿ ಕೊಟ್ಟರು. ಇದು ನನಗೆ ಇಷ್ಟ. ಆ ಸೀಮೆಯ ಬದುಕಿನ ಮಾತುಗಳಿಗೆ ಜಾಗ ಇರಲೇಬೇಕು, ಇಲ್ಲದಿದ್ದರೆ ಭತ್ತ ಬೆಳೆಯುವವರ ಭಾಷೆಯನ್ನು ಹಿಮದ ಪದ ಕೇಳಿ ಅಳೆದಂತಾಗುತ್ತದೆ.

ಭತ್ತದ ಮಾತು ಬಂತಲ್ಲ, ಅಲ್ಲೊಂದು ಸಂಗತಿ ಇದೆ. ಇಂಗ್ಲಿಷಿನ ‘ರೈಸ್’ ಹಿಡಿದು ಬರ್ಮೀಸ್ ಪದ ಕೇಳಿದರೆ ಒಬ್ಬರು ‘ಚಪಾಃ’ ಅನ್ನಬಹುದು, ಇನ್ನೊಬ್ಬರು ‘ಛನ್’, ಮತ್ತೊಬ್ಬರು ‘ಥಮಙಃ’. ಮೂರೂ ಸರಿ. ಭತ್ತ, ಅಕ್ಕಿ, ಅನ್ನ! ಕನ್ನಡದಲ್ಲಿ ಪ್ರಶ್ನೆ ಬರೆದುಕೊಂಡಿದ್ದರೆ ಈ ಗೊಂದಲವೇ ಹುಟ್ಟುವುದಿಲ್ಲ. ‘ವಾಶ್’ ಕೂಡ ಹಾಗೇ. ಬಟ್ಟೆಗೆ ಬರ್ಮೀಸಿನಲ್ಲಿ ಒಂದು ಕ್ರಿಯಾಪದ, ಪಾತ್ರೆಗೆ ಇನ್ನೊಂದು. ನಮ್ಮಲ್ಲೂ ಒಗೆಯುವುದು ಬೇರೆ, ತೊಳೆಯುವುದು ಬೇರೆ ಅಲ್ವಾ? ಪಟ್ಟಿಯ ತಲೆಬರಹಗಳನ್ನು ಇಂಗ್ಲಿಷಿನಿಂದ ಎತ್ತಿಕೊಳ್ಳುವ ಬದಲು ಕನ್ನಡದಲ್ಲೇ ಬರೆದುಕೊಳ್ಳುವುದು ಅಭಿಮಾನದ ಮಾತಲ್ಲ, ಅದರಿಂದ ಕೆಲಸ ಚೊಕ್ಕವಾಗುತ್ತದೆ.

ಇನ್ನು ಸಾವಿರ ಪದದ ದೊಡ್ಡ ಪಟ್ಟಿ. ಚೀನಾದಲ್ಲಿ 1990ರ ದಶಕದ ಆರಂಭದಲ್ಲಿ ಅಂಥ ಸಂಗ್ರಹಗಳು ಬಂದಿವೆ. ನೂರರ ಪಟ್ಟಿಯಲ್ಲಿ ಒಂದು ಧ್ವನಿ ಹೊಂದಿಕೆಗೆ ಎರಡೋ ಮೂರೋ ಉದಾಹರಣೆ ಸಿಗುತ್ತದೆ ಅಷ್ಟೇ. ಹೊಂದಿಕೆ ಅಂದರೆ ನಮ್ಮ ಪಾಲ್-ಹಾಲು, ಪುಲಿ-ಹುಲಿ, ಪಲ್-ಹಲ್ಲು ಇದ್ದ ಹಾಗೆ. ಒಂದೇ ಜೋಡಿ ನೋಡಿ ನಿಯಮ ಹೇಳಲು ಆಗುವುದಿಲ್ಲ, ಸಾಲುಸಾಲಾಗಿ ಬರಬೇಕು. ಧ್ವನಿನಿಯಮ ಕಟ್ಟುವುದು ನಿಮ್ಮ ಗುರಿಯಾದರೆ ದೊಡ್ಡ ಪಟ್ಟಿ ಬೇಕೇ ಬೇಕು. ಯಾರು ಯಾರಿಗೆ ಎಷ್ಟು ಹತ್ತಿರ ಅಂತ ಲೆಕ್ಕ ಹಾಕುವುದಾದರೆ ಚಿಕ್ಕದು ಸಾಕು. 2019ರಲ್ಲಿ ಎರಡು ತಂಡಗಳು ಕಂಪ್ಯೂಟರ್ ಲೆಕ್ಕದಿಂದ ಸಿನೋ-ಟಿಬೆಟನ್ ಕುಟುಂಬದ, ಅಂದರೆ ಚೀನಿ, ಟಿಬೆಟನ್, ಬರ್ಮೀಸ್ ಎಲ್ಲ ಸೇರುವ ಭಾಷಾಕುಟುಂಬದ, ವಯಸ್ಸು ಹೇಳಿದವು. 50 ಭಾಷೆ, 180 ಅರ್ಥ ಇಟ್ಟುಕೊಂಡ ತಂಡಕ್ಕೆ ಸುಮಾರು 7,200 ವರ್ಷ ಬಂತು. 109 ಭಾಷೆ ಇಟ್ಟುಕೊಂಡವರಿಗೆ ಸುಮಾರು 5,900. ಒಂದೇ ವರ್ಷ, ಒಂದೇ ಕುಟುಂಬ, ನಡುವೆ 1,300 ವರ್ಷದ ಅಂತರ. ಪಟ್ಟಿ ಬೇರೆ, ಲೆಕ್ಕದ ದಾರಿಯೂ ಬೇರೆ. ವಯಸ್ಸು ಹೇಳುವ ಆಸೆಯನ್ನು ಶುರುವಿನಲ್ಲೇ ಬಿಟ್ಟರೆ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಒಬ್ಬರೇ ಕೂತು ಮಾಡುವುದಾದರೆ ನನ್ನ ಸಲಹೆ ಇದು. ಲೈಪ್‌ಜಿಗ್-ಜಕಾರ್ತಾದ 100, ಅದಕ್ಕೆ ಎರಡರಿಂದ ಹತ್ತರವರೆಗಿನ ಎಣಿಕೆ, ಸೂರ್ಯ, ಚಂದ್ರ, ಭತ್ತ-ಅಕ್ಕಿ-ಅನ್ನ, ಬಿದಿರು, ಹಂದಿ, ಹುಲಿ. 120ರ ಒಳಗೆ ನಿಲ್ಲಿಸಿ. ಅಷ್ಟಕ್ಕೇ ನಾಲ್ಕು ಬರ್ಮೀಸ್ ಕಾಲಂ ತುಂಬುವಷ್ಟರಲ್ಲಿ ಮಳೆಗಾಲ ಕಳೆದಿರುತ್ತದೆ.

ಪದವನ್ನು ಇಡಿಯಾಗಿ ಹೋಲಿಸಬೇಕೋ, ಬಿಡಿಸಿ ಹೋಲಿಸಬೇಕೋ? ಬಿಡಿಸಲೇಬೇಕು. ಕಣ್ಣು ‘ಮ್ಯಕ್-ಚಿ’, ಅಂದರೆ ಕಣ್ಣು ಮತ್ತು ಬೀಜ. ಮುಖ ‘ಮ್ಯಕ್-ಹ್ನಾ’, ಅಂದರೆ ಕಣ್ಣು ಮತ್ತು ಮೂಗು. ಕಣ್ಣೀರಲ್ಲೂ ಅದೇ ‘ಮ್ಯಕ್’. ಟಿಬೆಟನ್ನಿನಲ್ಲಿ ಕಣ್ಣು ‘ಮಿಗ್’, ಮೂಗು ‘ಸ್ನ’. ‘ಮ್ಯಕ್-ಚಿ’ಯನ್ನು ಇಡೀ ‘ಮಿಗ್’ ಜೊತೆ ಹೋಲಿಸಿದರೆ ‘ಚಿ’ ಎಲ್ಲಿಗೆ ಹೋಯಿತು ಅಂತ ತಲೆ ಕೆಡುತ್ತದೆ. ಬಿಡಿಸಿಟ್ಟರೆ ಮ್ಯಕ್-ಮಿಗ್, ಹ್ನಾ-ಸ್ನ ಅಂತ ಎರಡು ಚಂದದ ಜೋಡಿ ಸಿಗುತ್ತವೆ. ಪ್ರತಿ ತುಣುಕಿಗೂ ಒಂದು ಸಂಖ್ಯೆ ಕೊಟ್ಟುಬಿಡಿ.

ಯಾವ ನೆಂಟರು?

ಇಲ್ಲಿ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಸುತ್ತು ಮನೆಯೊಳಗಿನವರದು: ರಖೈನ್, ಬಾಂಗ್ಲಾದೇಶದ ಚಿತ್ತಗಾಂಗ್ ಬೆಟ್ಟಗಳ ಮಾರ್ಮಾ, ದವೇ, ಇನ್ಲೇ ಸರೋವರದ ಇಂಥಾ. ಎರಡನೆಯದು ದಾಯಾದಿಗಳದು: ಕಚಿನ್ ಸೀಮೆ ಮತ್ತು ಯುನ್ನಾನಿನ ಝೈವಾ, ಲಶಿ, ಮರು, ಅಚಾಂಗ್. ಮೂರನೆಯದರಲ್ಲಿ ಟಿಬೆಟನ್, ಹಳೆಯ ಚೀನಿ.

ಅನೇಕರು ನೇರ ಮೂರನೆಯ ಸುತ್ತಿಗೆ ಹಾರುತ್ತಾರೆ. ಜಿ. ಎಚ್. ಲೂಸ್ ಅವರ ಹಳೆಯ ಬರ್ಮೀಸ್-ಚೀನಿ-ಟಿಬೆಟನ್ ಪದಪಟ್ಟಿ ಅವರು ತೀರಿಕೊಂಡ ಮೇಲೆ 1981ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಲೂಸ್ ಜೀವನವಿಡೀ ಬಗಾನಿನ ಶಾಸನ ಓದಿದವರು, ಅವರಿಗೆ ಆ ಹಾರಾಟ ಒಪ್ಪುತ್ತದೆ. ನಮ್ಮಂಥವರು ಮೊದಲ ಎರಡು ಸುತ್ತು ಮುಗಿಸದೆ ಚೀನಿಗೆ ಹೋಗಬಾರದು. ಹಳೆಯ ಚೀನಿಯ ಉಚ್ಚಾರಣೆ ಪುನಾರಚನೆ ಮಾಡಿದ್ದು, ವಿದ್ವಾಂಸರಿಂದ ವಿದ್ವಾಂಸರಿಗೆ ಬದಲಾಗುತ್ತದೆ. ಊಹೆ ಅಂತ ತೋರಿಸಲು ನಕ್ಷತ್ರದ ಗುರುತು (*) ಹಾಕಿದ ಅಂಥ ರೂಪಗಳಿಗೆ ಬೇರೆ ಕಾಲಂ ಕೊಡಿ, ಕೇಳಿ ಬರೆದ ಪದಗಳ ಜೊತೆ ಬೆರೆಸಬೇಡಿ.

ದಾಯಾದಿಗಳಲ್ಲೂ ಹುಷಾರಾಗಿರಬೇಕು. ಮರು ಭಾಷೆಯಲ್ಲಿ ಕೆಲವು ಪದಗಳ ಕೊನೆಗೆ ತ್, ಕ್ ಇರುತ್ತದೆ, ಬರ್ಮೀಸಿನಲ್ಲಿ ಇರುವುದಿಲ್ಲ. ‘ಮರುವಿನದೇ ಹಳೆ ರೂಪ, ಬರ್ಮೀಸ್ ಕಳೆದುಕೊಂಡಿದೆ’ ಅಂತ ಅನ್ನಿಸುವುದು ಸಹಜ. ನಡೆದದ್ದು ಉಲ್ಟಾ. ಮರು ಆಮೇಲೆ ಸೇರಿಸಿಕೊಂಡಿದೆ. ಇನ್ನು ಹೆಸರಿನ ಗೋಜಲು ಬೇರೆ: ಮರು, ಲ್ಹಾವೋ, ಲಾಂಗ್ಸು ಮೂರೂ ಒಂದೇ. ಮೂರು ಪುಸ್ತಕ ನೋಡಿ ಮೂರು ಭಾಷೆ ಅಂತ ಎಣಿಸಿದವರಿದ್ದಾರೆ.

ಬರ್ಮಾದ ಇಂಥ ಮೊದಲ ಪಟ್ಟಿಗಳಲ್ಲೊಂದನ್ನು ಮಾಡಿದ ಮನುಷ್ಯ ನಮಗೆ ಪರಿಚಿತನೇ. 1795ರಲ್ಲಿ ಬ್ರಿಟಿಷ್ ನಿಯೋಗದ ಜೊತೆ ವೈದ್ಯನಾಗಿ ಬರ್ಮಾಕ್ಕೆ ಹೋದ ಫ್ರಾನ್ಸಿಸ್ ಬುಕಾನನ್, ಅಲ್ಲಿನ ಭಾಷೆಗಳ ಪದಗಳನ್ನು ಪಕ್ಕಪಕ್ಕ ಬರೆದು ಕಲ್ಕತ್ತೆಯಲ್ಲಿ ಪ್ರಕಟಿಸಿದ. ಅದೇ ಬುಕಾನನ್ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ ಸುತ್ತಿ ನಮ್ಮ ಹೊಲ, ಮಗ್ಗ, ಸಂತೆಗಳನ್ನೆಲ್ಲ ದಾಖಲಿಸಿದ. ಅವನ ಬರ್ಮೀಸ್ ಪದಗಳು ಇಂಗ್ಲಿಷ್ ಕಿವಿಗೆ ಕೇಳಿದಂತೆ ಬರೆದವು. ಧ್ವನಿನಿಯಮಕ್ಕೆ ಆಗುವುದಿಲ್ಲ. ಆದರೆ ಆ ಕಾಲದ ರಖೈನ್ ಮಾತಿಗೆ, ದಕ್ಷಿಣದ ಕರಾವಳಿಯ ಮಾತಿಗೆ ಅಂಥ ಸಾಕ್ಷಿ ಬೇರೆ ಎಷ್ಟು ಸಿಗುತ್ತದೆ ಹೇಳಿ.

ಸಾಲದ ಪದ: ತೆಗೆಯುವುದೋ, ಇಟ್ಟುಕೊಳ್ಳುವುದೋ?

ಲೋಕ, ನಾಗ, ಕೋಟಿಗೆ ‘ಕುಟೇ’, ಕರ್ಮಕ್ಕೆ ‘ಕಂ’. ಪಾಳಿಯಿಂದ ಬಂದ ಇಂಥವು ಕನ್ನಡಿಗರ ಕಣ್ಣಿಗೆ ತಕ್ಷಣ ಬೀಳುತ್ತವೆ. ಅದು ನಮಗೆ ಅನುಕೂಲವೇ. ಮೋನ್‌ನಿಂದ ಬಂದವನ್ನು ಗುರುತಿಸುವುದು ಕಷ್ಟ, ಅದಕ್ಕೆ ಮೋನ್ ನಿಘಂಟು ಪಕ್ಕದಲ್ಲಿ ಬೇಕು. ನಾನು ಸಾಲದ ಪದಗಳನ್ನು ಅಳಿಸುವುದಿಲ್ಲ, ಗುರುತು ಹಾಕಿ ಇಡುತ್ತೇನೆ. ಬರ್ಮಾದ ಬೌದ್ಧರು ‘ಸಾಧು ಸಾಧು ಸಾಧು’ ಅನ್ನುವುದು ‘ಥಾದು ಥಾದು ಥಾದು’ ಅಂತ ಕೇಳಿಸುತ್ತದೆ. ಮನೆಯ ‘ಸೇ’ ಥೇ ಆದ ಹಾಗೆ ಸಾಲದ ‘ಸಾಧು’ವೂ ಆಗಿದೆ. ಸಾಲ ಮೊದಲೋ, ಬದಲಾವಣೆ ಮೊದಲೋ ಅಂತ ಕೇಳಲು ಇಂಥ ಪದಗಳೇ ಬೇಕು. ಪಾಳಿಯನ್ನು ಪುಸ್ತಕ ನೋಡಿ ಓದುವುದರಿಂದ ಉತ್ತರ ಅಷ್ಟು ಸಲೀಸಲ್ಲ, ಆದರೂ ಪ್ರಶ್ನೆ ಉಳಿಯಬೇಕಲ್ಲ.

ಲಿಪಿ ಮತ್ತು ಫೈಲು

ಬರ್ಮೀಸ್ ಲಿಪಿಯ ಮೂಲ ದಕ್ಷಿಣ ಭಾರತದ್ದು, ಪಲ್ಲವ ಅಥವಾ ಕದಂಬ ಲಿಪಿ ಅನ್ನುತ್ತಾರೆ. ಅಕ್ಷರಗಳ ಸಾಲು ನಮ್ಮದೇ, ಕ ಖ ಗ ಘ ಙ. ಹಾಗಾಗಿ ಕಾಗುಣಿತದ ಕಾಲಂ ಅನ್ನು ಕನ್ನಡ ಅಕ್ಷರದಲ್ಲಿ ಒಂದಕ್ಕೊಂದು ಇಳಿಸಬಹುದು. ದನಿಯ ಏರಿಳಿತ ತೋರಿಸುವ ಎರಡು ಚುಕ್ಕಿಗೆ ನಮ್ಮ ವಿಸರ್ಗ ಇದೆ. ಶಾಲೆ ಬಿಟ್ಟ ಮೇಲೆ ಯಾರೂ ಬಳಸದ ಙಕಾರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು! ಆದರೆ ಮಾತಿನ ಕಾಲಂಗೆ ಕನ್ನಡ ಸಾಲುವುದಿಲ್ಲ. ಏರಿಳಿತ, ಉಸಿರು ಸೇರಿದ ಸ, ಗಂಟಲ ತಡೆ ಇವಕ್ಕೆ ಅಕ್ಷರವಿಲ್ಲ. ಅಲ್ಲಿ ಐಪಿಎ, ಅಂದರೆ ಅಂತರರಾಷ್ಟ್ರೀಯ ಧ್ವನಿಲಿಪಿ ಬಳಸಿ. ಬೇರೆಯವರ ಜೊತೆ ಹಂಚಿಕೊಳ್ಳುವ ಪಟ್ಟಿಗೆ ಬರ್ಮೀಸ್ ಲಿಪಿ, ಐಪಿಎ ಎರಡೂ ಇರಲಿ.

ಇಂಟರ್ನೆಟ್ಟಿನಿಂದ ಬರ್ಮೀಸ್ ಪದ ನಕಲು ಮಾಡುವಾಗ ಅದು ಯೂನಿಕೋಡೋ, ಝಾಜೀ ಫಾಂಟೋ ನೋಡಿಕೊಳ್ಳಿ. ಮ್ಯಾನ್ಮಾರ್ ಅಧಿಕೃತವಾಗಿ ಯೂನಿಕೋಡಿಗೆ ಬಂದಿದ್ದು 2019ರ ಅಕ್ಟೋಬರ್ 1ರಂದು. ಅದಕ್ಕೂ ಮುಂಚಿನ ಬರಹ ಹೆಚ್ಚಿನದು ಝಾಜೀಯಲ್ಲಿದೆ. ಹಳೆಯ ಆಸ್ಕಿ ಫಾಂಟಿನ ಕನ್ನಡ ಕಡತ ತೆರೆದು ತಲೆ ಚಚ್ಚಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಝಾಜೀಯಲ್ಲಿ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ಅದು ಯೂನಿಕೋಡಿನ ಸಂಕೇತಗಳನ್ನೇ ಬೇರೆ ಅಕ್ಷರಕ್ಕೆ ಬಳಸುತ್ತದೆ. ನೋಡಲು ಅರ್ಧ ಸರಿಯಾಗೇ ಇರುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ.

ಫೈಲಿಗೆ ಎರಡು ದಾರಿ. ಒಂದು ಅರ್ಥಕ್ಕೆ ಒಂದು ಸಾಲು, ಭಾಷೆಗೊಂದು ಕಾಲಂ. ಇಲ್ಲಿ ನಾನು ತೋರಿಸಿದ್ದು ಹಾಗೆ. ಓದಲು ಚಂದ. ಆದರೆ ಒಂದೇ ಅರ್ಥಕ್ಕೆ ಎರಡು ಪದ ಸಿಕ್ಕ ದಿನವೇ ಎಡವುತ್ತದೆ, ಆಕರ ಬರೆಯಲು ಜಾಗವೂ ಇರುವುದಿಲ್ಲ. ಇನ್ನೊಂದು, ಪ್ರತಿ ಪದಕ್ಕೂ ಪ್ರತ್ಯೇಕ ಸಾಲು: ಅರ್ಥ, ಭಾಷೆ, ರೂಪ, ತುಣುಕಿನ ಸಂಖ್ಯೆ, ಸಾಲವೋ ಅಲ್ಲವೋ, ಎಲ್ಲಿಂದ ತಂದದ್ದು. ಸಾಲುಗಳು ಐನೂರು ದಾಟುತ್ತವೆ, ಕಣ್ಣಿಗೆ ಬೇಸರ. ನಾನು ಮೊದಲನೆಯದರಲ್ಲಿ ಶುರು ಮಾಡಿ, ‘ಶಾಲೆ’ ಸಾಲಿಗೆ ಬಂದಾಗ ಸಿಕ್ಕಿಹಾಕಿಕೊಂಡೆ. ಕಲ್ಲಿನಲ್ಲಿ ಅದು ಮಠ, ಇವತ್ತು ಮಠವೂ ಹೌದು ಶಾಲೆಯೂ ಹೌದು. ಯಾವ ಸಾಲಿಗೆ ಹಾಕಲಿ? ಒಂದು ಭಾನುವಾರ ಪೂರ್ತಿ ಕೂತು ಎಲ್ಲವನ್ನೂ ಎರಡನೆಯ ರೀತಿಗೆ ಬದಲಾಯಿಸಿದೆ. ‘ನಿನ್’ ಈಗ ಅಲ್ಲಿ ಮೂರು ಸಾಲಲ್ಲಿದೆ: ಯಾಂಗೂನಿಗೊಂದು, ಕಾಗುಣಿತಕ್ಕೊಂದು, ಜಿಂಗ್‌ಫೋಗೊಂದು. ಕನ್ನಡದ ಸಾಲು ಇಲ್ಲ.